ಆಮೆ ತಿರುಗಿದಷ್ಟು ಕೋನ

ಕೇಳುಗರಿಗೆ ನಮಸ್ಕಾರ.

ಸಮಬಾಹು ತ್ರಿಭುಜದ ಕೋನ ಎಷ್ಟು ಅಂತ ಏಳನೇ ತರಗತಿಯ ಹುಡುಗಿಯನ್ನು ಕೇಳಿ. 60 ಡಿಗ್ರಿ ಅಂತ ಥಟ್ಟನೆ ಹೇಳುತ್ತಾಳೆ. ಈಗ ಅವಳಿಗೆ ಒಂದು ಪುಟ್ಟ ರೋಬೋಟ್ ಕೊಡಿ. ಹೊಟ್ಟೆಯಡಿ ಪೆನ್ನು ಸಿಕ್ಕಿಸಿಕೊಂಡು, ನೆಲಕ್ಕೆ ಹಾಸಿದ ಹಾಳೆಯ ಮೇಲೆ ಗೆರೆ ಎಳೆಯುತ್ತಾ ಓಡಾಡುವ ರೋಬೋಟ್. ಅವಳು ಅದಕ್ಕೆ ಹೇಳುತ್ತಾಳೆ: 30 ಸೆಂಟಿಮೀಟರ್ ಮುಂದೆ ಹೋಗು, 60 ಡಿಗ್ರಿ ಬಲಕ್ಕೆ ತಿರುಗು, ಹೀಗೇ ಮೂರು ಸಲ ಮಾಡು. ರೋಬೋಟ್ ಚಾಚೂ ತಪ್ಪದೆ ಮಾಡುತ್ತದೆ. ತ್ರಿಭುಜ ಮಾತ್ರ ಬರುವುದಿಲ್ಲ. ಅರ್ಧ ಷಡ್ಭುಜ ಬಂದು ನಿಲ್ಲುತ್ತದೆ!

ಪಾಠ ಶುರುವಾಗುವುದೇ ಇಲ್ಲಿ. ನೀನೇ ಎದ್ದು ಆ ದಾರಿಯಲ್ಲಿ ನಡೆದು ನೋಡು ಅಂದರೆ ಸಾಕು. ಮೂಲೆಗೆ ಬಂದಾಗ ಎಷ್ಟು ತಿರುಗಬೇಕು ಅಂತ ಅವಳ ಮೈಗೇ ಗೊತ್ತಾಗುತ್ತದೆ. ಒಳಗಿನ ಕೋನ 60, ತಿರುಗಬೇಕಾದದ್ದು 120. ಸುಮ್ನೆ ಬಾಯಿಪಾಠ ಮಾಡಿದ್ದ ಹೊರಕೋನ ಇದೇ ಅಲ್ವಾ!

ಇದು ಇವತ್ತಿನ ಯೋಚನೆಯೇನಲ್ಲ. 1967ರಲ್ಲಿ ಅಮೆರಿಕದಲ್ಲಿ ಗಣಿತಜ್ಞ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ಜೊತೆಗಾರರು ಮಕ್ಕಳಿಗೆಂದೇ ಲೋಗೋ ಎಂಬ ಕಂಪ್ಯೂಟರ್ ಭಾಷೆ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಆ ಭಾಷೆ ಕೇಳಿ ನೆಲದ ಮೇಲೆ ಓಡಾಡುವ ಯಂತ್ರವೂ ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ತಯಾರಾಯಿತು. ಅದನ್ನು ಆಮೆ ಎಂದು ಕರೆದರು. ತಪ್ಪಾದಾಗ ಮಗು 'ನಂಗೆ ಗಣಿತ ಬರಲ್ಲ' ಅಂತ ಕೂರಬಾರದು, ಎಲ್ಲಿ ತಪ್ಪಿತು ಅಂತ ಹುಡುಕಿ ಸರಿಮಾಡಬೇಕು. ಪ್ಯಾಪರ್ಟ್ ಜೀವನವಿಡೀ ಹೇಳಿದ್ದು ಇದನ್ನೇ. ನಮ್ಮ ಕೆಂಪು ಶಾಯಿಯ ತರಗತಿಗಳಿಗೆ ಇದು ತುಂಬಾ ಬೇಕು ಅಂತ ನನಗನ್ನಿಸುತ್ತದೆ.

ಆಮೆ ಒಂದೇ ಕಡೆಗೆ ತಿರುಗುತ್ತಾ, ತನ್ನ ಗೆರೆಯನ್ನು ತಾನೇ ದಾಟದೆ ಹೊರಟ ಜಾಗಕ್ಕೇ ಬಂದು, ಮೊದಲಿನ ದಿಕ್ಕಿಗೇ ಮುಖ ಮಾಡಿ ನಿಂತರೆ, ತಿರುಗಿದ್ದೆಲ್ಲ ಸೇರಿ 360 ಡಿಗ್ರಿ. ಚೌಕಕ್ಕೆ ನಾಲ್ಕು ಸಲ 90. ಐದು ಮೂಲೆಯ ನಕ್ಷತ್ರಕ್ಕೆ ಐದು ಸಲ 144, ಅಂದರೆ 720. ಯಾಕೆ ಜಾಸ್ತಿ? ನಕ್ಷತ್ರ ಬರೆಯುವಾಗ ಆಮೆ ಎರಡು ಸುತ್ತು ತಿರುಗಿರುತ್ತದೆ. ಇದನ್ನು ಮಕ್ಕಳೇ ಕಂಡುಹಿಡಿಯಲಿ, ನಾವು ಮೊದಲೇ ಹೇಳಿಬಿಡುವುದು ಬೇಡ.

ನುಣುಪು ನೆಲದಲ್ಲಿ ಚಕ್ರ ಜಾರಿದರೆ ಸರಿಯಾದ ಲೆಕ್ಕಕ್ಕೂ ಆಕೃತಿ ಕೂಡಿಕೊಳ್ಳುವುದಿಲ್ಲ. ತಪ್ಪು ಕೋನದ್ದೋ ನೆಲದ್ದೋ ಅಂತ ಮಕ್ಕಳು ವಾದಕ್ಕಿಳಿಯುತ್ತಾರೆ. ಇಳಿಯಲಿ ಬಿಡಿ.

ರೋಬೋಟ್ ಇಲ್ಲದ ಶಾಲೆಗಳೇ ಜಾಸ್ತಿ. ಕಂಪ್ಯೂಟರ್ ಇದ್ದರೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇದೇ ಆಮೆ ಪರದೆಯ ಮೇಲೆ ಪುಕ್ಕಟೆಯಾಗಿ ಸಿಗುತ್ತದೆ. ಅದೂ ಇಲ್ಲವೆಂದರೆ ಅಂಗಳದಲ್ಲಿ ಒಬ್ಬರು ಆಮೆಯಾಗಲಿ, ಇನ್ನೊಬ್ಬರು ಅಪ್ಪಣೆ ಕೊಡಲಿ.

ಶಿಕ್ಷಕರೇ, ನಾಳೆ ಏಳು ಬಾಹುಗಳ ಆಕೃತಿ ಕೇಳಿ ನೋಡಿ. 51 ಡಿಗ್ರಿ ಕೊಟ್ಟರೆ ಏಳು ಸಲಕ್ಕೆ 357. ಉಳಿದ ಮೂರು ಡಿಗ್ರಿಯನ್ನು ಏಳು ಮೂಲೆಗೆ ಹಂಚುವುದು ಹೇಗೆ ಅಂತ ಮಕ್ಕಳೇ ಹೇಳಲಿ. ನಮಸ್ಕಾರ.