ಮೊದಲು ಬಾಗಿಲಾಚೆ, ಆಮೇಲೆ ಹಲಗೆ

ಕೇಳುಗರಿಗೆಲ್ಲಾ ನಮಸ್ಕಾರ. ಒಂದರಿಂದ ಮೂರನೇ ತರಗತಿಗೆ ಪಾಠ ಮಾಡುವ ಮೇಷ್ಟ್ರುಗಳು, ಮಿಸ್ಸುಗಳು, ಒಲೆ ಮೇಲೆ ಸಾರಿಟ್ಟು ರೇಡಿಯೋ ಹಾಕಿಕೊಂಡಿರುವ ತಾಯಂದಿರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ನನಗೆ ಹೇಳಬೇಕಿರುವುದು ಒಂದೇ ವಿಷಯ. ಮಳೆ, ಚಳಿ, ಬಿಸಿಲಿನ ಪಾಠ ಬಂದಾಗ ಮಗು ಮೊದಲು ಬಾಗಿಲಾಚೆ ಹೋಗಲಿ. ಆಮೇಲೆ ಹಲಗೆ ಮುಂದೆ ಕೂರಲಿ.

ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯುವ ನಮ್ಮ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿವ್ಯಾಲಿ ಶಾಲೆಯವರು ಹಳ್ಳಿ ಮಕ್ಕಳಿಗೆ ಕಾರ್ಡು ಇಟ್ಟುಕೊಂಡು ಕಲಿಸುತ್ತಿದ್ದ ರೀತಿ ನೋಡಿ ಬಂದು, ನಮ್ಮ ಮೇಷ್ಟ್ರುಗಳೇ ಕೂತು ಕಟ್ಟಿದ್ದು. ಯಾವ ಪಾಠ ಆದ ಮೇಲೆ ಯಾವುದು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕೆಯ ಏಣಿ, ಚಟುವಟಿಕೆಯ ಕಾರ್ಡು, ಮಕ್ಕಳ ಗುಂಪು ಗುರುತಿಸುವ ತಟ್ಟೆ, ತಲೆ ಮೇಲೆ ಮಕ್ಕಳ ಚಿತ್ರ ನೇತುಹಾಕುವ ಚಪ್ಪರ, ಎಲ್ಲ ಇದೆ. ಗೋಡೆ ಮೇಲೆ ಹವಾಮಾನ ನಕ್ಷೆಯೂ ಇದೆ. ಇವತ್ತು ಬಿಸಿಲೋ, ಮೋಡವೋ, ಮಳೆಯೋ ಅಂತ ಮಕ್ಕಳೇ ದಿನಾ ಗುರುತು ಹಾಕಬೇಕು. ಈ ನಕ್ಷೆಯ ಬಗ್ಗೆ ಒಂದು ವಿಷಯ ಹೇಳಲೇಬೇಕು.

ನಾನು ಕಬಿನಿ ಕಡೆಯ ಒಂದು ಸಣ್ಣ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗಿನ ಮಾತು. ಮೂರೂ ತರಗತಿ ಒಂದೇ ಕೊಠಡಿ, ಹೆಂಚಿನ ಮಾಡು. ಜೂನ್ ಮೂರನೇ ವಾರ. ಪರಿಶೀಲನೆಗೆ ಬರುತ್ತಾರೆ ಅಂತ ಗೊತ್ತಾಯಿತು. ನಕ್ಷೆ ಖಾಲಿ ಕಾಣಬಾರದು ಅಂತ ನಾನೇ ಶನಿವಾರದವರೆಗೂ ಸೂರ್ಯನ ಚಿತ್ರ ಬರೆದಿಟ್ಟೆ. ಬುಧವಾರ ಬೆಳಗ್ಗೆ ಮಳೆ ಹಿಡಿಯಿತು. ನನ್ನ ಮಾತು ನನಗೇ ಕೇಳಿಸದಷ್ಟು ಹೆಂಚಿನ ಸದ್ದು. ಎರಡನೇ ತರಗತಿಯ ಒಬ್ಬಳು ಹುಡುಗಿ, ಬಾಯಿ ಬಿಟ್ಟು ಮಾತಾಡಿದ್ದನ್ನು ನಾನು ನೋಡೇ ಇರಲಿಲ್ಲ, ಎದ್ದು ಹೋಗಿ ನಕ್ಷೆ ಮುಂದೆ ನಿಂತಳು. "ಮೇಷ್ಟ್ರೇ, ಇವತ್ತಿನ ಸೂರ್ಯ ಅಳಿಸಲಾ?" ಎಂದಳು.

ನನಗೆ ಆದ ನಾಚಿಕೆ ಇವತ್ತಿಗೂ ಮರೆತಿಲ್ಲ. ಅಳಿಸಮ್ಮ ಎಂದೆ.

ಮಳೆ ಅಂತ ಬರೆದದ್ದೇ ಜಗಳ ಶುರುವಾಯಿತು. ಇವತ್ತಿನದು ಜೋರು ಮಳೆ ಅಂತ ಒಬ್ಬ, ಮೊನ್ನೆ ರಾತ್ರಿದೇ ಜೋರು ಅಂತ ಇನ್ನೊಬ್ಬ. ಅಳೆದೇ ನೋಡೋಣ ಅಂತ ಬಿಸಿಯೂಟದ ಅಮ್ಮನ ಹತ್ತಿರ ಒಂದು ದೊಡ್ಡ ಡಬ್ಬಿ, ಒಂದು ಚಿಕ್ಕ ಡಬ್ಬಿ, ಒಂದು ಸ್ಟೀಲ್ ಲೋಟ ಇಸಿದುಕೊಂಡು ಬಂದೆವು. ಅಂಗಳದ ನಡುವೆ, ಸೂರಿನ ನೀರು ಬೀಳದ ಕಡೆ ಇಟ್ಟೆವು. ಯಾವುದರಲ್ಲಿ ನೀರು ಮೇಲಕ್ಕೆ ಬರುತ್ತೆ ಎಂದು ಕೇಳಿದರೆ ಎಲ್ಲರೂ ದೊಡ್ಡ ಡಬ್ಬಿ ಎಂದರು. ಊಟದ ಹೊತ್ತಿಗೆ ಮಳೆ ನಿಂತಿತು. ಸ್ಕೇಲು ಇಳಿಬಿಟ್ಟು ನೋಡಿದರೆ ದೊಡ್ಡದರಲ್ಲಿ 14 ಮಿಲಿಮೀಟರ್, ಚಿಕ್ಕದರಲ್ಲೂ 14. (ಕೆಲವು ಸ್ಕೇಲಿನಲ್ಲಿ ಸೊನ್ನೆ ತುದಿಯಿಂದ ಶುರುವಾಗುವುದಿಲ್ಲ, ಮೇಷ್ಟ್ರುಗಳೇ, ಅದನ್ನು ನೋಡಿಕೊಳ್ಳಿ.) ಲೋಟದಲ್ಲಿ ಮಾತ್ರ 20. ಮಕ್ಕಳು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅದೇ ಹುಡುಗಿ, "ಲೋಟಕ್ಕೆ ಬಾಯಿ ದೊಡ್ಡದು, ಹೊಟ್ಟೆ ಸಣ್ಣದು, ಅದಕ್ಕೇ ತುಂಬಿದೆ" ಎಂದಳು. ಸರಿಯಾದ ಉತ್ತರ, ಅಲ್ವಾ! ಮಳೆ ಅಳೆಯುವ ಪಾತ್ರೆ ಬಾಯಿಂದ ತಳದವರೆಗೆ ಒಂದೇ ಅಗಲ ಇರಬೇಕು ಅಂತ ಯಾವ ಕಾರ್ಡೂ ಅವಳಿಗೆ ಹೇಳಿರಲಿಲ್ಲ. ಬಾಗಿಲಾಚೆ ಹೋಗಿದ್ದಳು, ಅಷ್ಟೇ.

ಅವತ್ತಿನಿಂದ ದಿನಾ ಅಳತೆ. ನಿನ್ನೆ 14, ಇವತ್ತು 6, ಎಷ್ಟು ಕಮ್ಮಿ? ವ್ಯವಕಲನ ಅಂತ ನಾನು ಹೇಳಲೇ ಇಲ್ಲ, ಅವರೇ ಬೆರಳು ಮಡಚಿ ಕಳೆದರು. ಎರಡು ದಿನದ ಮೇಲೆ ಆ ಹುಡುಗಿಯ ಅಜ್ಜಿ ಮಗುವನ್ನು ಬಿಡಲು ಬಂದವರು ಡಬ್ಬಿ ನೋಡಿ, "ಇದೆಂಥ ಮಳೆ ಮೇಷ್ಟ್ರೇ, ನಾಳೆ ಆರಿದ್ರ ಹುಟ್ತದೆ, ಅದು ನೋಡಿ ಮಳೆ" ಎಂದರು. ಬನ್ನಿ ತಾಯಿ ಅಂತ ಒಳಗೆ ಕೂರಿಸಿದೆ. ಅರ್ಧ ಗಂಟೆ ಪಾಠ ಅವರದೇ. ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಹೀಗೆ ಸ್ವಾತಿವರೆಗೂ ಒಂದೇ ಉಸಿರಿನಲ್ಲಿ ಹೇಳಿದರು. ಮಾರನೇ ದಿನ ಹುಡುಗಿ ನಕ್ಷೆ ಕೆಳಗೆ 'ಆರಿದ್ರ' ಅಂತ ಬರೆದಿದ್ದಳು, ದಕಾರಕ್ಕೆ ರ ಒತ್ತು ಸರಿಯಾಗಿ ಕೊಟ್ಟು. ಅವಳ ಏಣಿಯಲ್ಲಿ ಒತ್ತಕ್ಷರದ ಮೆಟ್ಟಿಲು ಇನ್ನೂ ದೂರ ಇತ್ತು.

ಮಾತು ಉದ್ದವಾಯಿತು, ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಚಳಿಗಾಲ ಅಂತ ಗೋಡೆಗೆ ಹಿಮದ ಗೊಂಬೆಯ ಚಾರ್ಟು ಅಂಟಿಸುತ್ತೀರಲ್ಲ, ದಯವಿಟ್ಟು ತೆಗೆಯಿರಿ. ನಾಲ್ಕು ಕಡೆ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ನಮ್ಮ ಮಗು ಹಿಮವನ್ನು ಎಲ್ಲಿ ಮುಟ್ಟಿದೆ? ನಮ್ಮ ಚಳಿಗಾಲಕ್ಕೆ ಸೊಗಡಿನ ಅವರೆಕಾಯಿ ಇದೆ. ಒಂದು ಹಿಡಿ ಕಾಯಿ ತರಿಸಿ, ಬಿಡಿಸಲಿ, ಒಂದೊಂದರಲ್ಲಿ ಎಷ್ಟು ಕಾಳು ಅಂತ ಎಣಿಸಲಿ, ಕೈ ಮೂಸಿ ನೋಡಲಿ. ಆಮೇಲೆ ಬರೆಯಲಿ.

ಎಲೆ ಉದುರುವ ಪಾಠಕ್ಕೆ ಕಿತ್ತಳೆ ಬಣ್ಣದ ಎಲೆ ಬೇಕಿಲ್ಲ. ಶಾಲೆ ಹತ್ತಿರ ಹೊಂಗೆ ಮರ ಇದ್ದರೆ ಸಾಕು. ಸಂಕ್ರಾಂತಿ ಕಳೆದ ಮೇಲೆ ತಿಂಗಳಿಗೆ ಎರಡು ಸಲ ಅದರ ಕೆಳಗೆ ನಿಲ್ಲಿಸಿ ಚಿತ್ರ ಬರೆಸಿ. ಎಲೆ ಉದುರುವುದು, ಮಿರಿಮಿರಿ ಚಿಗುರು ಬರುವುದು, ಬೇಸಿಗೆಯಲ್ಲಿ ನೆಲದ ತುಂಬ ಹೂ ಚೆಲ್ಲುವುದು, ಎಲ್ಲ ಅದೊಂದೇ ಮರದಲ್ಲಿ ಸಿಗುತ್ತದೆ. ಧಾರವಾಡ, ಹಾವೇರಿ ಕಡೆಯವರಿಗಂತೂ ಮಳೆಗಾಲದ ಶುರುವಿನಲ್ಲೇ ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡಲು ಯಾವ ಮಣ್ಣು ಅಂಟುತ್ತದೆ, ಯಾವುದು ಒಣಗಿದರೆ ಬಿರಿಯುತ್ತದೆ, ಮಕ್ಕಳನ್ನೇ ಕೇಳಿ.

ಪೋರ್ಷನ್ ಮುಗಿಯಬೇಕಲ್ಲ ಸಾರ್ ಅಂತೀರಿ. ನಾನು ಕೇಳುತ್ತಿರುವುದು ದಿನಕ್ಕೆ ಹತ್ತೇ ನಿಮಿಷ. ನಾಳೆ ಪ್ರಾರ್ಥನೆ ಮುಗಿದ ತಕ್ಷಣ ಸಾಲು ಕಟ್ಟಿಸಿ ಒಳಗೆ ಕಳಿಸಬೇಡಿ. ಅಂಗಳದಲ್ಲೇ ನಿಲ್ಲಿಸಿ, ತಲೆ ಎತ್ತಿ ಆಕಾಶ ನೋಡಲಿ, ನೋಡಿದ್ದನ್ನು ಅವರೇ ಹೋಗಿ ನಕ್ಷೆಯಲ್ಲಿ ಗುರುತು ಹಾಕಲಿ. ತಾಯಂದಿರೇ, ನಿಮ್ಮ ಮನೆಯಲ್ಲೂ ನೇರ ಗೋಡೆಯ ಒಂದು ಹಳೇ ಡಬ್ಬಿ ಇದ್ದೇ ಇರುತ್ತದೆ. ಮಳೆ ಬರುವ ಮುಂಚೆ ತಾರಸಿ ಮೇಲಿಡಿ, ಅಲ್ಲಾಡದ ಹಾಗೆ ಎರಡು ಇಟ್ಟಿಗೆ ನಡುವೆ. ಸ್ಕೇಲು ಮಗುವಿನ ಕೈಯಲ್ಲೇ ಇರಲಿ.

ನಮಸ್ಕಾರ.