ತಾಳುವುದು ಎಲ್ಲಿಯವರೆಗೆ?

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಬಸ್ ಬಂದು ನಿಂತರೆ ಸಾಕು, ಜನ ಬಾಗಿಲಿಗೆ ಮುಗಿಬೀಳುತ್ತಾರೆ. ಒಳಗಿನಿಂದ ಕಂಡಕ್ಟರ್ ಕೂಗು: "ತಾಳ್ರೀ, ಇಳಿಯೋರಿಗೆ ದಾರಿ ಬಿಡ್ರಿ!" ಇಲ್ಲಿ ತಾಳುವುದು ಅಂದರೆ ಒಂದೆರಡು ನಿಮಿಷ ಕಾಯುವುದು, ಅಷ್ಟೇ. ಸಾಲ, ಕಾಯಿಲೆ, ಬರ ಬಂದಾಗಲೂ ಇದೇ ಮಾತು ಕೇಳುತ್ತೇವೆ. ಆದರೆ ಆಗ ಎಷ್ಟು ಹೊತ್ತು ಅಂತ ಯಾರೂ ಹೇಳುವುದಿಲ್ಲ.

ತಾಳು ಅನ್ನುವುದಕ್ಕೆ ಹೊರು, ಧರಿಸು ಎಂಬ ಅರ್ಥವೂ ಇದೆ. ರೂಪ ತಾಳಿತು, ಜನ್ಮ ತಾಳಿದ, ಬಿಗಿ ನಿಲುವು ತಾಳಿದರು ಅಂತೀವಲ್ಲ, ಅಲ್ಲೆಲ್ಲ ಕಷ್ಟದ ಸುಳಿವೇ ಇಲ್ಲ. ಸಹಿಸು ಸಂಸ್ಕೃತದಿಂದ ಬಂದದ್ದು. ತಾಳು ನಮ್ಮ ಮನೆಯದೇ.

ಇನ್ನು ಗಾದೆ: ತಾಳಿದವನು ಬಾಳಿಯಾನು. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. 'ಬಾಳುತ್ತಾನೆ' ಅಂತ ಗಾದೆ ಹೇಳಿಲ್ಲ. ಬಂದಾನು, ಸಿಕ್ಕೀತು ಅಂದ ಹಾಗೆ 'ಬಾಳಿಯಾನು' ಅಂದಿದೆ. ವ್ಯಾಕರಣದವರು ಇದನ್ನು ಸಂಭಾವನೆ ಅನ್ನುತ್ತಾರೆ. ಬಾಳಬಹುದು, ಬಾಳದೆಯೂ ಇರಬಹುದು! ಇಷ್ಟೊಂದು ಅನುಮಾನ ಇಟ್ಟುಕೊಂಡ ಮಾತನ್ನು ನಾವು ಗ್ಯಾರಂಟಿ ಕಾರ್ಡಿನಂತೆ ಹಂಚುತ್ತೇವೆ. ಗಾದೆಯಲ್ಲಿರುವುದು 'ತಾಳಿದವನು'. ಜಾಸ್ತಿ ಹೇಳಿಸಿಕೊಂಡವರು ಮಾತ್ರ ಸೊಸೆಯಂದಿರು, ಅಲ್ವಾ? ತವರಿಗೆ ಬಂದು ಅತ್ತ ಮಗಳಿಗೆ, "ತಾಳ್ಕೋಬೇಕವ್ವಾ" ಅಂದು ಉಡಿ ತುಂಬಿ ಕಳಿಸಿದ್ದೇವೆ. ಅಳಿಯನನ್ನು ಕರೆಸಿ ಕೇಳಿದವರು ಎಷ್ಟು ಮಂದಿ?

ಪತ್ರಿಕೆಗಳಲ್ಲಿ ಈ ಪದ ಹೆಚ್ಚಾಗಿ 'ತಾಳಲಾರದೆ' ಎಂದೇ ಕಾಣುತ್ತದೆ. ಬಿಸಿಲಿನ ಝಳ ತಾಳಲಾರದೆ, ಸಾಲಬಾಧೆ ತಾಳಲಾರದೆ. ಹಾವೇರಿ ಕಡೆಯವರಿಗೆ ಆ ಎರಡನೆಯ ಸಾಲು ಚೆನ್ನಾಗಿ ಗೊತ್ತು. ಓದುವಾಗ ನನಗೆ ಕಸಿವಿಸಿಯಾಗುತ್ತದೆ. ಹೊರೆ ಎಷ್ಟಿತ್ತು, ಹೊರಿಸಿದವರು ಯಾರು ಅನ್ನುವುದು ಆ ಸಾಲಿನಲ್ಲಿಲ್ಲ. ಹೊತ್ತವನ ಕೈ ಸೋತದ್ದಷ್ಟೇ ಇದೆ.

ಈ ಪದವನ್ನು ಲೆಕ್ಕ ಹಿಡಿದು ಬಳಸುವವರು ರೈತರು. ಗದಗದ ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತಿದ ಮೇಲೆ ಮಳೆ ಅಪರೂಪ. ಮೊದಲು ಬಿದ್ದ ಮಳೆಯ ಹಸಿಯನ್ನು ಎರೆಮಣ್ಣು ಒಳಗೇ ಹಿಡಿದಿಟ್ಟಿರುತ್ತದೆ. ಬೆಳೆ ತಾಳುವುದು ಅದರ ಮೇಲೆ. ಮಣ್ಣು ಬಿರುಕು ಬಿಡತೊಡಗಿದಾಗ ಹೊಲದ ಬದುವಿನಲ್ಲಿ ನಿಂತವರನ್ನು ಕೇಳಿ ನೋಡಿ. ಬಗ್ಗಿ ಹೆಂಟೆ ಎತ್ತಿ, ಬೆರಳಲ್ಲಿ ಹಿಸುಕಿ, ಹಸಿ ನೋಡಿಯೇ ಉತ್ತರ ಕೊಡುತ್ತಾರೆ: "ಇನ್ನೊಂದ ಎಂಟ ದಿನಾ ತಾಳ್ತೈತ್ರಿ. ಆಮ್ಯಾಲೆ ಆಗೂದಿಲ್ಲ."