52ರಲ್ಲಿ 27 ಕಳೆದರೆ 35 ಅಂತ ಮಗು ಯಾಕೆ ಬರೆಯುತ್ತೆ?

[ದೃಶ್ಯ: ಲೆಕ್ಕದ ನೋಟ್‌ಬುಕ್, ಹತ್ತಿರದಿಂದ. 52 − 27 = 35. ಮೇಲೆ ಕೆಂಪು ಪೆನ್ನಿನ ಗೀಟು]

ನಮಸ್ಕಾರ, ಕಲಬುರಗಿಯಿಂದ. ಇದು ನಮ್ಮ ಅಕ್ಕನ ಮಗಳ ನೋಟ್‌ಬುಕ್. ನಾಲ್ಕನೇ ಕ್ಲಾಸು. ಈ ಗೀಟು ನೋಡಿ ಅಕ್ಕ ಬೈಯೋಕೆ ಶುರು ಮಾಡಿದಳು. ನಾನು ಸುಮ್ನೆ ಒಂದು ಮಾತು ಕೇಳಿದೆ: "ಇದು ಹ್ಯಾಂಗ ಮಾಡಿದಿ?"

"ಎರಡರಾಗ ಏಳು ಹೋಗಂಗಿಲ್ಲಲ್ಲ ಮಾಮಾ. ಅದಕ್ಕ ಏಳರಾಗ ಎರಡು ಕಳದೆ."

ನೋಡಿ, ಹುಡುಗಿ ಕಣ್ಣು ಮುಚ್ಚಿ ಬರೆದಿಲ್ಲ. ದೊಡ್ಡದರಲ್ಲಿ ಸಣ್ಣದು ಕಳೀಬೇಕು ಅಂತ ತನ್ನದೇ ನಿಯಮ ಮಾಡಿಕೊಂಡಿದ್ದಾಳೆ. ಇಂಥವಳಿಗೆ ಇನ್ನೂ ಐವತ್ತು ಲೆಕ್ಕ ಕೊಟ್ಟರೆ ಐವತ್ತೂ ಇದೇ ಥರ ತಪ್ಪುತ್ತವೆ.

"ಪಕ್ಕದ ಮನೆಯಿಂದ ಒಂದು ಸಾಲ ತಗೋ" ಅಂತ ನಮಗೂ ಹೇಳಿಕೊಟ್ಟಿದ್ದರು, ಅಲ್ವಾ? ಒಂದು ತಂದರೆ ಅದು ಹತ್ತು ಹೇಗಾಯ್ತು? ಸಾಲ ಅಂದಮೇಲೆ ವಾಪಸ್ ಕೊಡಬೇಕಲ್ವಾ? ನನಗಂತೂ ಆಗ ಅರ್ಥವೇ ಆಗಿರಲಿಲ್ಲ. ಸಾಲ ಬಿಡಿ, ಚಿಲ್ಲರೆ ಅನ್ನಿ.

[ದೃಶ್ಯ: ಚಾಪೆ ಮೇಲೆ ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ]

ಇದು 52 ರೂಪಾಯಿ. ಅಂಗಡಿಯವರಿಗೆ 27 ಕೊಡಬೇಕು. ಬಿಡಿ ಏಳು ಬೇಕು, ಕೈಯಲ್ಲಿರೋದು ಎರಡೇ. ಒಂದು ನೋಟಿಗೆ ಚಿಲ್ಲರೆ ಮಾಡಿಸಿ. ಈಗ ನೋಟು ನಾಲ್ಕು, ನಾಣ್ಯ ಹನ್ನೆರಡು. ಏಳು ನಾಣ್ಯ ಕೊಟ್ಟರೆ ಐದು ಉಳಿಯಿತು, ಎರಡು ನೋಟು ಕೊಟ್ಟರೆ ಎರಡು. ಒಟ್ಟು 25. ತಾಳೆ ನೋಡೋಣ: 25ಕ್ಕೆ 27 ಕೂಡಿಸಿದರೆ 52.

ಒಂದು ವಾರ ದುಡ್ಡಲ್ಲೇ ಆಡಿಸಿ. ಆಮೇಲೆ ದುಡ್ಡಿನ ಪಕ್ಕದಲ್ಲೇ ನೋಟ್‌ಬುಕ್ ಇಟ್ಟು, ಕೈ ಮಾಡಿದ್ದನ್ನೇ ಬರೆಸಿ. ದಿನಕ್ಕೆ ಹತ್ತು ನಿಮಿಷ ಸಾಕು.

ಇನ್ನೊಂದು ಕಿವಿಯ ತಪ್ಪು. ಎಂಬತ್ತು, ತೊಂಬತ್ತು ಅಂತ ಹೇಳಿಸಿದ ಮೇಲೆ ಒಂಬತ್ತೂ ಅದೇ ಸಾಲಿನದು ಅನ್ನಿಸಿಬಿಡುತ್ತೆ. ಒಂಬತ್ತು ಅಂದರೆ 90 ಬರೆಯುವ ಮಕ್ಕಳಿದ್ದಾರೆ. ಬಾಯಲ್ಲಿ ಹೇಳಿ, ಕೈಯಲ್ಲಿ ನೋಟು ಎಣಿಸಲಿ, ಸರಿಹೋಗುತ್ತೆ.

ಭಿನ್ನರಾಶಿಗೆ ಹೆದರೋದೇ ಬೇಡ. ನಮ್ಮ ಕಡೆ ಕಿರಾಣಿ ಅಂಗಡಿಯಲ್ಲೇ ಅದು ಇದೆ: ಪಾವ್ ಕಿಲೋ ಅಂದರೆ ಕಾಲು, ದೀಡ್ ಕಿಲೋ ಅಂದರೆ ಒಂದೂವರೆ, ಅಡೀಚ್ ಕಿಲೋ ಅಂದರೆ ಎರಡೂವರೆ. ತೊಗರಿ ಬೇಳೆ ಪಾವ್ ಕಿಲೋಗೆ 40 ರೂಪಾಯಿ ಅಂತಿಟ್ಟುಕೊಳ್ಳಿ, ದೀಡ್ ಕಿಲೋಗೆ ಎಷ್ಟು? ದೀಡ್ ಅಂದರೆ ಆರು ಪಾವು. 240. ಇದನ್ನೇ ಪರೀಕ್ಷೆಯಲ್ಲಿ 1½ ಕೆಜಿ ಅಂತ ಬರೆದಾಗ ಮಗು ಕಕ್ಕಾಬಿಕ್ಕಿ ಆಗುತ್ತೆ. ದೀಡ್ ಅಂತ ಓದಿಸಿ ನೋಡಿ.

[ದೃಶ್ಯ: ನಾಲ್ಕು ಆಯ್ಕೆ: 35, 25, 79, 24]

ನವೋದಯ ಶಾಲೆಯ ಪ್ರವೇಶ ಪರೀಕ್ಷೆ ಬರೆಸಬೇಕು ಅನ್ನೋರಿಗೆ ಒಂದು ಮಾತು. ಆರನೇ ಕ್ಲಾಸಿನ ಸೀಟಿಗೆ ಐದನೇ ಕ್ಲಾಸಿನ ಮಕ್ಕಳು ಬರೆಯುವ ಆ ಪರೀಕ್ಷೆಯಲ್ಲಿ ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಅದರಲ್ಲಿ ಅಂಕಗಣಿತ 20 ಪ್ರಶ್ನೆ, 25 ಅಂಕ. ಆಯ್ಕೆಯ ಪ್ರಶ್ನೆಗಳಲ್ಲಿ ತಪ್ಪು ಉತ್ತರವನ್ನು ಸುಮ್ನೆ ಇಟ್ಟಿರೋದಿಲ್ಲ. ಮಕ್ಕಳು ಜಾಸ್ತಿ ಮಾಡುವ ತಪ್ಪೇ ಅಲ್ಲಿ ಕೂತಿರುತ್ತೆ. 35 ಕಂಡ ತಕ್ಷಣ "ನನ್ನ ಉತ್ತರ ಐತಲ್ಲ" ಅಂತ ಮಗು ಖುಷಿಯಿಂದ ಗುರುತು ಹಾಕುತ್ತೆ. ಅದಕ್ಕೇ ಕೂಡಿಸಿ ತಾಳೆ ನೋಡೋದು ಅಭ್ಯಾಸ ಆಗಬೇಕು.

ಮೊನ್ನೆ ನಮ್ಮ ಹುಡುಗಿ 302ರಲ್ಲಿ 147 ಕಳೆಯೋಕೆ ಕೂತಿದ್ದಳು. ನಡುವೆ ಸೊನ್ನೆ. ಹತ್ತರ ನೋಟೇ ಇಲ್ಲ!

"ಮಾಮಾ, ನೂರರ ನೋಟೇ ಒಡಸಬೇಕಲ್ಲ?"

ಒಡೆಸಿದಳು. ಹತ್ತರ ನೋಟು ಹತ್ತು ಬಂದವು. ಅದರಲ್ಲಿ ಒಂದಕ್ಕೆ ಮತ್ತೆ ಚಿಲ್ಲರೆ ಮಾಡಿಸಿದಳು, ಒಂಬತ್ತು ಉಳಿದವು. ಸೊನ್ನೆ ಇದ್ದ ಜಾಗದಲ್ಲಿ 9 ಬರೆದು, ಉತ್ತರ 155 ಅಂತ ಹಾಕಿ, ನೋಟ್‌ಬುಕ್ಕನ್ನು ಅವರವ್ವನ ಮುಂದೆ ಹಿಡಿದಳು.